ಸ್ಟಾಕ್‌ಹೋಮಿಗೆ ಹೊರಡುವ ಮುನ್ನ

ನಿವೃತ್ತ ಅಧಿಕಾರಿಯೊಬ್ಬ ವಿದೇಶಕ್ಕೆ ಹೊರಟಿದ್ದಾನೆಂದರೆ ನಮ್ಮ ಬಡಾವಣೆಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಒಂದೇ: ‘ಅಲ್ಲಿರುವುದು ಮಗನೋ, ಮಗಳೋ?’ ಬರುವ ಆಗಸ್ಟ್ ಕೊನೆಯಲ್ಲಿ ನಾನೂ ನನ್ನ ಪತ್ನಿಯೂ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿಗೆ ಹೋಗುವ ಸಿದ್ಧತೆಯಲ್ಲಿದ್ದೇವೆ ಎಂದು ಬೆಳಗಿನ ವಾಯುವಿಹಾರದ ಗೆಳೆಯರಿಗೆ ಹೇಳಿದಾಗಲೂ ಅದೇ ಪ್ರಶ್ನೆ ಬಂತು. ಅಲ್ಲಿ ನಮ್ಮವರು ಯಾರೂ ಇಲ್ಲವೆಂದೆ. ‘ಹಾಗಾದರೆ ಅಷ್ಟು ದೂರದ ಚಳಿಯ ಊರಿಗೆ ಈ ವಯಸ್ಸಿನಲ್ಲಿ ಏಕೆ? ಕಾಶಿಗೆ ಹೋಗಿಬರಬಾರದೆ?’ ಎಂದರು ಒಬ್ಬರು. ನಗುತ್ತಾ ಮಾತು ಮರೆಸಿದೆ. ಆದರೆ ಪ್ರಶ್ನೆ ನ್ಯಾಯವಾದದ್ದು. ಅರವತ್ತಾರರ ಮನುಷ್ಯ ತನ್ನ ಉಳಿತಾಯದ ಒಂದು ಪಾಲನ್ನು ವೆಚ್ಚ ಮಾಡಿ ಮೊದಲ ಬಾರಿಗೆ ಅಂಥ ನಗರವೊಂದನ್ನು ನೋಡಲು ಹೊರಟಾಗ, ಏಕೆ ಎಂಬುದನ್ನು ತನಗಾದರೂ ಸ್ಪಷ್ಟಪಡಿಸಿಕೊಳ್ಳಬೇಕು.

ಸ್ಟಾಕ್‌ಹೋಮ್ ಎಂಬ ಹೆಸರು ನನ್ನ ಮನಸ್ಸಿನಲ್ಲಿ ಬೇರೂರಿದ್ದು ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1968ರಲ್ಲಿ ಪ್ರಕಟಿಸಿದ ‘ಏಷ್ಯನ್ ಡ್ರಾಮಾ’ದ ಮೂರು ದಪ್ಪ ಸಂಪುಟಗಳು ನಮ್ಮ ಗ್ರಂಥಾಲಯದಲ್ಲಿದ್ದವು. ದಕ್ಷಿಣ ಏಷ್ಯಾದ ದೇಶಗಳನ್ನು ಆತ ‘ಮೃದು ಪ್ರಭುತ್ವ’ಗಳೆಂದು ಕರೆದ: ಕಾನೂನು ಮಾಡುತ್ತವೆ, ಜಾರಿಗೊಳಿಸುವುದಿಲ್ಲ, ಬಲವುಳ್ಳವರ ಮುಂದೆ ಬಾಗುತ್ತವೆ. ಆ ಮಾತಿಗೆ ನಾವು ವಿದ್ಯಾರ್ಥಿಗಳು ಸಿಟ್ಟಾಗಿದ್ದೆವು. ಮಿರ್ಡಾಲ್‌ನ ಪತ್ನಿ ಆಲ್ವಾ ಮಿರ್ಡಾಲ್ 1950ರ ದಶಕದ ಉತ್ತರಾರ್ಧದಲ್ಲಿ ದೆಹಲಿಯಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದರು. ಆತ ನಮ್ಮನ್ನು ಹತ್ತಿರದಿಂದ ಕಂಡವನೇ. ಮುಂದೆ ಕಂದಾಯ ಇಲಾಖೆಯ ಕುರ್ಚಿಯಲ್ಲಿ ಕುಳಿತ ಮೇಲೆ, ಮೃದು ಪ್ರಭುತ್ವಕ್ಕೆ ಇನ್ನೊಂದು ಮುಖವೂ ಇದೆಯೆಂದು ನನಗೆ ತಿಳಿಯಿತು. ಬಲವುಳ್ಳವರ ಎದುರು ಮೃದುವಾದದ್ದು ಬಲವಿಲ್ಲದವರ ಎದುರು ಕಲ್ಲಾಗಿರುತ್ತದೆ. ಆ ಕಲ್ಲು ಒಮ್ಮೆ ನಾನೇ ಆಗಿದ್ದೆ.

1987ರ ಮಾತು. ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ನಾನು ತಹಶೀಲ್ದಾರನಾಗಿದ್ದೆ. ಬಗರ್‌ಹುಕುಂ ಸಾಗುವಳಿಯ ಅರ್ಜಿ ತಿರಸ್ಕೃತವಾಗಿದ್ದ ವೃದ್ಧ ರೈತನೊಬ್ಬ ತನ್ನ ಕಡತದಲ್ಲಿದ್ದ ಸ್ಥಳ ತನಿಖಾ ವರದಿಯ ಪ್ರತಿಯೊಂದನ್ನು ಕೇಳಿಕೊಂಡು ಎಂಟೊಂಬತ್ತು ಬಾರಿ ಬಂದಿದ್ದ. ಕಚೇರಿಯ ಟಿಪ್ಪಣಿ ಗೋಪ್ಯ, ಕೊಡಲು ಬರುವುದಿಲ್ಲವೆಂದು ಶಿರಸ್ತೇದಾರರು ಹೇಳಿ ಕಳುಹಿಸುತ್ತಿದ್ದರು. ಕೊನೆಯ ಸಲ ನೇರವಾಗಿ ನನ್ನ ಕೊಠಡಿಗೇ ಬಂದ. ‘ಯಜಮಾನರೇ, ನಿಮಗೆ ಓದಲು ಬರುವುದಿಲ್ಲ. ಪ್ರತಿ ಇಟ್ಟುಕೊಂಡು ಏನು ಮಾಡುತ್ತೀರಿ?’ ಎಂದೆ. ‘ಮೊಮ್ಮಗ ಓದ್ತಾನೆ ಸ್ವಾಮಿ’ ಎಂದ. ನಾನು ಕೊಡಲಿಲ್ಲ. ಕೊಡಬಾರದೆಂದು ಯಾವ ನಿಯಮ ಹೇಳುತ್ತದೆ ಎಂದು ಪುಸ್ತಕ ತೆರೆದೂ ನೋಡಲಿಲ್ಲ; ಕೊಡುವ ವಾಡಿಕೆ ಇರಲಿಲ್ಲ, ಅಷ್ಟೆ. ಹಲವು ವರ್ಷಗಳ ನಂತರ ಅದೇ ಶಿರಸ್ತೇದಾರರು ಬೀಳ್ಕೊಡುಗೆ ಸಮಾರಂಭವೊಂದರಲ್ಲಿ ಸಿಕ್ಕಿ ಆ ಪ್ರಕರಣದ ಕೊನೆಯನ್ನು ಹೇಳಿದರು. ವರದಿಯಲ್ಲಿ ಸರ್ವೆ ನಂಬರಿನ ಎರಡು ಅಂಕಿಗಳು ಅದಲುಬದಲಾಗಿದ್ದವಂತೆ. ಮೇಲ್ಮನವಿಯಲ್ಲಿ ಅದು ಬಯಲಾಗಿ ಜಮೀನು ಮಂಜೂರಾಯಿತು, ಮಗನ ಹೆಸರಿಗೆ. ಯಜಮಾನ ಅಷ್ಟರಲ್ಲಿ ತೀರಿಕೊಂಡಿದ್ದ. ಶಾಲೆಗೆ ಹೋಗುವ ಹುಡುಗನೊಬ್ಬ ಆ ಹಾಳೆಯನ್ನು ಗಟ್ಟಿಯಾಗಿ ಓದಿದ್ದರೆ, ತಾನು ಉಳುವ ನೆಲದ ನಂಬರು ಅದಲ್ಲವೆಂದು ಅಜ್ಜ ಒಂದೇ ನಿಮಿಷದಲ್ಲಿ ಹೇಳುತ್ತಿದ್ದ.

ಈ ಘಟನೆಗೂ ಸ್ಟಾಕ್‌ಹೋಮಿಗೂ ಏನು ಸಂಬಂಧ? ಸರ್ಕಾರಿ ಕಾಗದ ಸಾರ್ವಜನಿಕರದ್ದು ಎಂಬ ತತ್ವ ಜಗತ್ತಿನಲ್ಲಿ ಮೊದಲು ಶಾಸನವಾದದ್ದು ಅಲ್ಲಿ, 1766ರ ಡಿಸೆಂಬರ್ 2ರಂದು. ಮುದ್ರಣ ಸ್ವಾತಂತ್ರ್ಯ ಕಾಯ್ದೆ ಎಂಬ ಹೆಸರಿನ ಆ ಶಾಸನ ಸರ್ಕಾರದ ದಸ್ತಾವೇಜುಗಳನ್ನು ಪಡೆಯುವ, ಅಚ್ಚು ಹಾಕಿಸುವ ಹಕ್ಕನ್ನೂ ಕೊಟ್ಟಿತು. ಅಮೆರಿಕ ಇಂಥದ್ದೊಂದು ಕಾಯ್ದೆ ಮಾಡಿದ್ದು ಸರಿಯಾಗಿ 200 ವರ್ಷಗಳ ಅನಂತರ, 1966ರಲ್ಲಿ. ಸ್ವೀಡನ್ನಿನ ಶಾಸನದ ಹಿಂದಿದ್ದ ಮುಖ್ಯ ವ್ಯಕ್ತಿ ಆಂಡೆರ್ಸ್ ಶುಡೇನಿಯಸ್, ಆಗ ಸ್ವೀಡನ್ನಿಗೇ ಸೇರಿದ್ದ ಫಿನ್‌ಲೆಂಡಿನ ಒಬ್ಬ ಹಳ್ಳಿಗಾಡಿನ ಪಾದ್ರಿ. ಆಡಮ್ ಸ್ಮಿತ್‌ನ ಮಹಾಗ್ರಂಥಕ್ಕಿಂತ 11 ವರ್ಷ ಮೊದಲೇ, 1765ರಲ್ಲಿ, ಮುಕ್ತ ವ್ಯಾಪಾರದ ಪರವಾಗಿ ಕಿರುಹೊತ್ತಗೆ ಬರೆದವನೂ ಈತನೇ. ಧರ್ಮಗುರುಗಳ ವರ್ಗದ ಪ್ರತಿನಿಧಿಯಾಗಿ ಸಂಸತ್ತಿಗೆ ಬಂದ ಆತ ಸರ್ಕಾರದ ಹಣಕಾಸು ನೀತಿಯನ್ನು ಟೀಕಿಸಿದ್ದಕ್ಕಾಗಿ ಸದಸ್ಯತ್ವವನ್ನೇ ಕಳೆದುಕೊಂಡ. ತಾನು ದುಡಿದ ಕಾಯ್ದೆ ಜಾರಿಗೆ ಬಂದಾಗ ಆತ ಸಂಸತ್ತಿನಲ್ಲಿರಲಿಲ್ಲ.

ನಗರವನ್ನು ಆರಿಸಿಕೊಂಡದ್ದು ಹೀಗೆ. ಪ್ರವಾಸ ಸಂಸ್ಥೆಯವರ ಸಲಹೆ ಬೇರೆಯೇ ಇತ್ತು. ನಾರ್ಡಿಕ್ ದೇಶಗಳು ಐದು. ಕೋಪನ್‌ಹೇಗನ್, ಓಸ್ಲೊ, ಸ್ಟಾಕ್‌ಹೋಮ್, ಹೆಲ್ಸಿಂಕಿಗಳನ್ನು ಒಂದೇ ಉಸಿರಿನಲ್ಲಿ ಮುಗಿಸಿ, ಬೇಕಿದ್ದರೆ ಐಸ್‌ಲೆಂಡಿನ ರೇಕ್ಯಾವಿಕ್ ಅನ್ನೂ ಸೇರಿಸಿಕೊಳ್ಳಬಹುದೆಂದರು. ಒಂದು ವೀಸಾದಲ್ಲಿ ಐದು ದೇಶ ಸುತ್ತಬಹುದೆಂಬುದು ನಿಜ, ಎಲ್ಲವೂ ಷೆಂಗೆನ್ ಒಪ್ಪಂದಕ್ಕೆ ಸೇರಿವೆ. ಆದರೆ ತಪಾಸಣೆಗೆ ಹೊರಟ ಅಧಿಕಾರಿ ಒಂದೇ ದಿನ ಐದು ಗ್ರಾಮ ಮುಗಿಸಿದರೆ ಬರೆಯುವ ವರದಿ ಎಂಥದ್ದೆಂದು ನನಗೆ ಗೊತ್ತು. ಒಂದೇ ನಗರ, ಎಂಟು ದಿನ ಎಂದು ನಿಶ್ಚಯಿಸಿದೆವು.

ಕಾಲದ ಆಯ್ಕೆ ಎರಡನೆಯ ಪ್ರಶ್ನೆ. ಸ್ಟಾಕ್‌ಹೋಮ್ 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ಮೂರನೆಯ ವಾರದಲ್ಲಿ ಅಲ್ಲಿ ಹಗಲು ಹದಿನೆಂಟು ಗಂಟೆಗೂ ಮಿಕ್ಕಿದ್ದು, ಡಿಸೆಂಬರಿನಲ್ಲಿ ಸುಮಾರು ಆರು ಗಂಟೆಗೆ ಇಳಿಯುತ್ತದೆ. ಬೆಳಕಿನ ಆಸೆಗೆ ಜೂನ್–ಜುಲೈ ತಿಂಗಳು ಆರಿಸಿಕೊಳ್ಳುವವರೇ ಹೆಚ್ಚು. ಆದರೆ ಜೂನ್ ಕೊನೆಯ ಭಾಗದ ಮಧ್ಯಬೇಸಿಗೆಯ ಹಬ್ಬಕ್ಕೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಜುಲೈ ತಿಂಗಳು ಸ್ವೀಡನ್ನಿನವರು ದೀರ್ಘ ರಜೆಯ ಮೇಲೆ ಹೋಗುವ ಕಾಲ. ಕಚೇರಿಗಳಲ್ಲಿ ಅರ್ಧಕ್ಕರ್ಧ ಮೇಜುಗಳು ಖಾಲಿ. ನೋಡಬೇಕಾದದ್ದು ಕಚೇರಿಯನ್ನೂ ಆದ್ದರಿಂದ ಆಗಸ್ಟ್ ಕೊನೆಯ ವಾರವನ್ನು ಆರಿಸಿಕೊಂಡೆವು. ಆಗಲೂ ಹಗಲು ಸುಮಾರು ಹದಿನಾಲ್ಕು ಗಂಟೆ ಇರುತ್ತದೆ. ಒಂದು ಉಣ್ಣೆಯ ಅಂಗಿ, ಒಂದು ಮಳೆಯಂಗಿ, ಕಲ್ಲು ಹಾಸಿದ ಬೀದಿಗಳಿಗೆ ತಕ್ಕ ಮೆತ್ತನೆಯ ಅಟ್ಟೆಯ ಬೂಟು ಸಾಕೆಂಬುದು ನಮ್ಮ ಲೆಕ್ಕ. ಮಂಡಿನೋವಿನ ನನ್ನ ಪತ್ನಿಗೆ ಬೂಟಿನ ವಿಷಯವೇ ಎಲ್ಲಕ್ಕಿಂತ ಮುಖ್ಯ.

ಮೂರನೆಯದು ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು. ಕನಿಷ್ಠ 15 ದಿನ ಮೊದಲಾದರೂ ಸಲ್ಲಿಸಲೇಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನಗಳವರೆಗೆ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ನಮ್ಮ ವಯಸ್ಸಿನವರು ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ಬರೆದು ವಿಮೆ ಮಾಡಿಸುವುದು ಕ್ಷೇಮ. ಪಾಸ್‌ಪೋರ್ಟ್ ಹಿಂದಿರುಗುವ ದಿನದ ಮೇಲೆ ಇನ್ನೂ ಮೂರು ತಿಂಗಳು ಊರ್ಜಿತದಲ್ಲಿರಬೇಕು. ಇವೆಲ್ಲ ನಿಯಮಗಳು, ಪಾಲಿಸಬಹುದು. ನನಗೆ ಹೊಸದೆನಿಸಿದ್ದು ಇನ್ನೊಂದು ಬೇಡಿಕೆ: ನಾನು ವಾಪಸು ಬರುತ್ತೇನೆಂದು ನಂಬಿಸುವ ದಾಖಲೆಗಳು. ಪಿಂಚಣಿ ಆದೇಶ, ಬ್ಯಾಂಕಿನ ಲೆಕ್ಕಪಟ್ಟಿ, ಮನೆಯ ಖಾತೆ. ಮೂವತ್ತೈದು ವರ್ಷ ಪರರ ಆದಾಯ, ಜಾತಿ, ವಾಸಸ್ಥಳಗಳಿಗೆ ಸಹಿ ಹಾಕಿ ಮೊಹರು ಒತ್ತಿದವನು ಈಗ ತನ್ನ ಮನೆಗೆ ತಾನು ಮರಳುವೆನೆಂದು ಕಾಗದ ಹಿಡಿದು ಹೇಳಬೇಕು. ಮೇಜಿನ ಈಚೆ ಬದಿಯಲ್ಲಿ ಕುಳಿತಾಗ ಕಾಗದ ಎಷ್ಟು ಭಾರವೆಂದು ಪಟ್ಟಿ ಮಾಡುತ್ತಲೇ ತಿಳಿಯಿತು. ಆದರೂ ಇಲ್ಲೊಂದು ಮರ್ಯಾದೆಯಿದೆ: ವೀಸಾ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು, ಮೇಲ್ಮನವಿಗೂ ಅವಕಾಶವಿದೆ.

ನಾವು ಆರಿಸಿಕೊಂಡಿರುವುದು ಫ್ರಾಂಕ್‌ಫರ್ಟ್ ಮಾರ್ಗ. ಈ ಮಾರ್ಗದಲ್ಲಿ ಹೋಗುವವರು ನೆನಪಿಡಬೇಕಾದದ್ದೆಂದರೆ, ಗಡಿ ತಪಾಸಣೆ ಮೊದಲು ಕಾಲಿಡುವ ಷೆಂಗೆನ್ ದೇಶದಲ್ಲೇ, ಅಂದರೆ ಜರ್ಮನಿಯಲ್ಲೇ, ನಡೆಯುತ್ತದೆ. ಆದ್ದರಿಂದ ವಿಮಾನ ಬದಲಿಸಲು ಮೂರು ಗಂಟೆಯಾದರೂ ಇರಲಿ. ಸ್ಟಾಕ್‌ಹೋಮಿನ ಆರ್ಲಾಂಡಾ ವಿಮಾನ ನಿಲ್ದಾಣ ನಗರದಿಂದ ಸುಮಾರು 40 ಕಿಲೊಮೀಟರ್ ದೂರ. ವೇಗದ ರೈಲು ಇಪ್ಪತ್ತು ನಿಮಿಷಗಳ ಆಸುಪಾಸಿನಲ್ಲಿ ತಲಪಿಸುತ್ತದೆ, ದರ ಮಾತ್ರ ದುಬಾರಿ. ಸಾಮಾನ್ಯ ಉಪನಗರ ರೈಲು ಇನ್ನಷ್ಟು ಹೊತ್ತು ಹಿಡಿದರೂ ಜೇಬಿಗೆ ಹಗುರ. ನಗರದೊಳಗೆ ಮೆಟ್ರೊ, ಬಸ್ಸು, ಟ್ರಾಮುಗಳಿಗೆ ಒಂದೇ ಪಾಸು. ಯೂರ್ಗೋರ್ಡನ್ ದ್ವೀಪಕ್ಕೆ ಹೋಗುವ ದೋಣಿಗೂ ಅದೇ ನಡೆಯುತ್ತದೆ. ಏಳು ದಿನದ ಪಾಸು ಲಾಭಕರ, 65 ದಾಟಿದವರಿಗೆ ರಿಯಾಯಿತಿಯೂ ಉಂಟು. ಬಂಡೆ ಕೊರೆದು ಮಾಡಿದ ಮೆಟ್ರೊ ನಿಲ್ದಾಣಗಳ ಗೋಡೆಗಳ ಮೇಲೆ ಕಲಾವಿದರು ಚಿತ್ರ ಬರೆದಿದ್ದಾರೆ. ಮಳೆಯ ದಿನ ಅವುಗಳನ್ನೇ ನೋಡುತ್ತಾ ಸುತ್ತಬಹುದು.

ಹಣದ ವಿಷಯದಲ್ಲಿ ಒಂದು ವಿಚಿತ್ರವಿದೆ. ಯುರೋಪಿನಲ್ಲಿ ಕಾಗದದ ನೋಟನ್ನು ಮೊದಲು ಹೊರಡಿಸಿದ ಬ್ಯಾಂಕು ಇದ್ದದ್ದು ಸ್ಟಾಕ್‌ಹೋಮಿನಲ್ಲಿ, 1661ರಲ್ಲಿ. ಅಳತೆ ಮೀರಿ ನೋಟು ಹೊರಡಿಸಿ ಅದು ಮುಳುಗಿತು. ಆ ಪಾಠದಿಂದ 1668ರಲ್ಲಿ ಹುಟ್ಟಿದ ರಿಕ್ಸ್‌ಬ್ಯಾಂಕ್ ಇಂದು ಜಗತ್ತಿನ ಅತ್ಯಂತ ಹಳೆಯ ಕೇಂದ್ರ ಬ್ಯಾಂಕ್. ಅದೇ ನಗರದಲ್ಲಿ ಈಗ ನೋಟು ಹಿಡಿದು ಹೋದರೆ ಎಷ್ಟೋ ಅಂಗಡಿಗಳಲ್ಲಿ ಮುಟ್ಟುವುದಿಲ್ಲ; ಬಸ್ಸಿನಲ್ಲಂತೂ ಇಲ್ಲವೇ ಇಲ್ಲ. ಸ್ವೀಡನ್ನಿನ ಜನ 2003ರ ಜನಮತಗಣನೆಯಲ್ಲಿ ಯೂರೊವನ್ನು ತಿರಸ್ಕರಿಸಿದ್ದರಿಂದ ಅಲ್ಲಿನ ನಾಣ್ಯ ಇಂದಿಗೂ ಕ್ರೋನಾ. ಯೂರೊ ನೋಟುಗಳ ಕಟ್ಟು ಒಯ್ಯುವುದರ ಬದಲು ಎರಡು ಬೇರೆ ಬೇರೆ ಬ್ಯಾಂಕುಗಳ ಕಾರ್ಡುಗಳನ್ನು ಒಯ್ದು, ಹೊರಡುವ ಮುನ್ನ ಅವುಗಳಲ್ಲಿ ವಿದೇಶಿ ಬಳಕೆಯ ಅನುಮತಿ ತೆರೆದಿದೆಯೇ ಎಂದು ನೋಡಿಕೊಳ್ಳುವುದು ಜಾಣತನ. ಊಟದ ವೆಚ್ಚ ಹೆಚ್ಚೆಂಬುದು ಸರಿ. ಆದರೆ ವಾರದ ದಿನಗಳಲ್ಲಿ ಮಧ್ಯಾಹ್ನ ‘ದಿನದ ಊಟ’ ಎಂದು ಬ್ರೆಡ್ಡು, ಹಸಿ ತರಕಾರಿ, ಕಾಫಿ ಸಹಿತ ಒಂದೇ ದರದಲ್ಲಿ ಸಿಗುತ್ತದೆ, ಸಸ್ಯಾಹಾರವೂ ಉಂಟು. ನಲ್ಲಿಯ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಕಿಲ್ಲ.

ನೋಡುವ ಸ್ಥಳಗಳ ಪಟ್ಟಿಯಲ್ಲಿ ಮೊದಲನೆಯದು ವಾಸಾ ನೌಕೆಯ ಸಂಗ್ರಹಾಲಯ. 1628ರ ಆಗಸ್ಟ್ 10ರಂದು, ಅರಸ ಎರಡನೆಯ ಗುಸ್ತಾವ್ ಅಡಾಲ್ಫ್‌ನ 64 ಫಿರಂಗಿಗಳ ಯುದ್ಧನೌಕೆ ತನ್ನ ಮೊದಲ ಯಾನದಲ್ಲಿ 1,300 ಮೀಟರಿನಷ್ಟು ಸಾಗಿ, ಊರ ಜನರ ಕಣ್ಣೆದುರಿಗೇ ಮುಳುಗಿತು. 333 ವರ್ಷ ನೀರಿನಡಿಯಲ್ಲಿದ್ದು 1961ರಲ್ಲಿ ಮೇಲೆ ಬಂತು. ನನ್ನನ್ನು ಸೆಳೆಯುವುದು ನೌಕೆಯ ಕೆತ್ತನೆಗಿಂತ ಅದರ ತನಿಖೆಯ ಕಡತ. ಹೊರಡುವ ಮುನ್ನ ಸ್ಥಿರತೆಯ ಪರೀಕ್ಷೆಗಾಗಿ ಮೂವತ್ತು ಮಂದಿಯನ್ನು ಅಟ್ಟದ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿದ್ದರು. ಮೂರನೆಯ ಓಟಕ್ಕೇ ಹಡಗು ಭಯಂಕರವಾಗಿ ವಾಲಿದ್ದರಿಂದ ನೌಕಾಧಿಪತಿ ಪರೀಕ್ಷೆಯನ್ನು ನಿಲ್ಲಿಸಿದ, ಯಾನವನ್ನು ನಿಲ್ಲಿಸಲಿಲ್ಲ. ಅರಸ ವಿದೇಶದಲ್ಲಿ ಯುದ್ಧದಲ್ಲಿದ್ದ, ಹಡಗು ಬೇಗ ಬೇಕೆಂದು ಅವಸರಪಡಿಸುತ್ತಿದ್ದ. ತಿಳಿದವರಿಗೆಲ್ಲ ತಿಳಿದಿತ್ತು, ಹೇಳಬೇಕಾದವರಿಗೆ ಯಾರೂ ಹೇಳಲಿಲ್ಲ. ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಸರ್ಕಾರಿ ಸೇವೆಯಲ್ಲಿದ್ದ ಯಾರಿಗಾದರೂ ಇಂಥ ಕಡತದ ಪರಿಚಯವಿಲ್ಲವೆಂದರೆ ನಾನು ನಂಬುವುದಿಲ್ಲ.

ಎರಡನೆಯದು ಹಳೆಯ ಊರಿನ ಚೌಕದಲ್ಲಿರುವ ನೊಬೆಲ್ ಸಂಗ್ರಹಾಲಯ. ಅಮರ್ತ್ಯ ಸೇನ್ ಇದಕ್ಕೆ ಕೊಟ್ಟ ವಸ್ತುಗಳಲ್ಲಿ ಅವರ ಹಳೆಯ ಸೈಕಲ್ಲೂ ಸೇರಿದೆ. ಬಂಗಾಳದ ಹಳ್ಳಿಗಳಲ್ಲಿ ಅವರು ಅಂಕಿಅಂಶ ಕಲೆಹಾಕಿದ್ದು ಅದರ ಮೇಲೆಯೇ. 1943ರ ಬಂಗಾಳದ ಕ್ಷಾಮದಲ್ಲಿ ಜನ ಸತ್ತದ್ದು ಅಕ್ಕಿಯ ಕೊರತೆಯಿಂದಲ್ಲ, ಅಕ್ಕಿ ಕೊಳ್ಳುವ ಶಕ್ತಿ ಕಳೆದುಕೊಂಡದ್ದರಿಂದ ಎಂದು ವಾದಿಸಿದವರು, ಮುಕ್ತ ಪತ್ರಿಕೆಗಳಿರುವ ಪ್ರಜಾಪ್ರಭುತ್ವದಲ್ಲಿ ದೊಡ್ಡ ಕ್ಷಾಮ ಸಂಭವಿಸುವುದಿಲ್ಲವೆಂದು ತೋರಿಸಿದವರು ಅವರು. 2001ರಲ್ಲಿ ಅಕರ್ಲಾಫ್, ಸ್ಪೆನ್ಸ್, ಸ್ಟಿಗ್ಲಿಟ್ಜ್ ಮೂವರಿಗೆ ಅರ್ಥಶಾಸ್ತ್ರದ ಪ್ರಶಸ್ತಿ ಸಂದದ್ದು ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲದಾಗ ವ್ಯವಹಾರ ಹೇಗೆ ಕೆಡುತ್ತದೆ ಎಂಬ ಅಧ್ಯಯನಕ್ಕೆ. ಮಲೆನಾಡಿನ ಆ ಯಜಮಾನನ ಪ್ರಕರಣವನ್ನು ಈ ತತ್ವಕ್ಕೆ ಉದಾಹರಣೆಯಾಗಿ ಯಾವ ತರಗತಿಯಲ್ಲಾದರೂ ಹೇಳಬಹುದು.

ಮೂರನೆಯದಕ್ಕೆ ಟಿಕೆಟ್ಟಿಲ್ಲ. ಸ್ಟಾಕ್‌ಹೋಮ್ ನಗರದ ಒಳಭಾಗಕ್ಕೆ ಬರುವ ವಾಹನಗಳ ಮೇಲೆ ದಟ್ಟಣೆ ತೆರಿಗೆ ಇದೆ. 2006ರ ಜನವರಿಯಿಂದ ಜುಲೈವರೆಗೆ ಏಳು ತಿಂಗಳು ಅದನ್ನು ಪ್ರಯೋಗವಾಗಿ ಜಾರಿಗೊಳಿಸಿದರು. ಮೊದಲು ಜನರಲ್ಲಿ ವಿರೋಧವೇ ಹೆಚ್ಚಿತ್ತು. ವಾಹನ ಸಂಚಾರ ಸುಮಾರು ಶೇಕಡ 20ರಷ್ಟು ಇಳಿದದ್ದನ್ನು ಕಂಡ ಮೇಲೆ, ಅದೇ ಸೆಪ್ಟೆಂಬರಿನಲ್ಲಿ ನಡೆದ ಜನಮತಗಣನೆಯಲ್ಲಿ ನಗರದ ಮತದಾರರು ಒಪ್ಪಿಗೆ ಕೊಟ್ಟರು. 2007ರ ಆಗಸ್ಟ್‌ನಿಂದ ಅದು ಕಾಯಂ ಆಯಿತು. ಮಾಡಿ ತೋರಿಸಿ, ಲೆಕ್ಕ ಮುಂದಿಟ್ಟು, ಆಮೇಲೆ ಕೇಳುವ ಈ ಕ್ರಮವನ್ನು ಬೆಂಗಳೂರಿನ ಸಂಚಾರ ದಟ್ಟಣೆಯಲ್ಲಿ ನಿತ್ಯ ಬೇಯುವವನು ರಸ್ತೆಯಂಚಿನಲ್ಲಿ ನಿಂತು ಒಂದು ಗಂಟೆ ನೋಡಿದರೂ ತಪ್ಪಿಲ್ಲ.

ನಾಲ್ಕನೆಯದೇ ನನ್ನ ಪ್ರವಾಸದ ಉದ್ದೇಶ. ಒಂದು ಬೆಳಿಗ್ಗೆ ಅಲ್ಲಿನ ಯಾವುದಾದರೂ ಸಾರ್ವಜನಿಕ ಕಚೇರಿಗೆ ಹೋಗಿ, ಟಪಾಲು ದಾಖಲಿಸುವ ಮೇಜಿನ ಮುಂದೆ ನಿಂತು, ಆವಕ ವಹಿಯನ್ನು ತೋರಿಸಿರೆಂದು ಕೇಳಬೇಕು. ನೀವು ಯಾರು, ಏಕೆ ಬೇಕು ಎಂದು ಅವರು ಕೇಳುವಂತಿಲ್ಲ. ಗೋಪ್ಯತೆಯ ಪ್ರಶ್ನೆಯನ್ನು ತೀರ್ಮಾನಿಸಲು ಅಗತ್ಯವಿದ್ದಾಗ ಮಾತ್ರ ಅದಕ್ಕೆ ಅವಕಾಶ. ಪರದೇಶದವರಿಗೂ ಈ ಹಕ್ಕು ಬಹುಮಟ್ಟಿಗೆ ಅನ್ವಯಿಸುತ್ತದೆ. ಅಲ್ಲಿ ಎಲ್ಲವೂ ತೆರೆದಿದೆಯೆಂಬ ಭ್ರಮೆ ನನಗಿಲ್ಲ. 2009ರ ಗೋಪ್ಯತಾ ಕಾಯ್ದೆ ರೋಗಿಯ ದಾಖಲೆ, ದೇಶದ ರಕ್ಷಣೆ ಮುಂತಾದವನ್ನು ಮುಚ್ಚುತ್ತದೆ. ಹಕ್ಕು ಒಮ್ಮೆ ಬಂದರೆ ಉಳಿದೇ ಉಳಿಯುತ್ತದೆ ಎಂಬುದೂ ಸುಳ್ಳು: 1766ರಲ್ಲಿ ಕೊಟ್ಟದ್ದನ್ನು ಮೂರನೆಯ ಗುಸ್ತಾವ್ ಅರಸ 1774ರಲ್ಲಿ ಮೊಟಕುಗೊಳಿಸಿದ, ಅದು ಮತ್ತೆ ನೆಲೆಗೊಂಡದ್ದು ಆತನ ಮಗನನ್ನು ಪಟ್ಟದಿಂದ ಇಳಿಸಿದ ಮೇಲೆ. 1809ರ ಸಂವಿಧಾನವೇ ಅಧಿಕಾರಿಗಳ ಮೇಲೆ ಕಣ್ಣಿಡುವ ಒಂಬುಡ್ಸ್‌ಮನ್ ಹುದ್ದೆಯನ್ನೂ ಸೃಷ್ಟಿಸಿತು. ನಮ್ಮ ಲೋಕಾಯುಕ್ತ ಕಲ್ಪನೆಯ ಮೂಲ ಅಲ್ಲಿದೆ.

ನಾವೂ ಹಿಂದೆಬಿದ್ದವರಲ್ಲ. ಕರ್ನಾಟಕ 2000ದಲ್ಲೇ ಮಾಹಿತಿ ಹಕ್ಕಿನ ಕಾಯ್ದೆ ಮಾಡಿತ್ತು; 2005ರಲ್ಲಿ ದೇಶಕ್ಕೆ ಬಂದ ಕಾಯ್ದೆ ಅರ್ಜಿದಾರನ ಕಾರಣ ಕೇಳಬಾರದೆಂದೇ ಹೇಳಿದೆ. ಹತ್ತು ರೂಪಾಯಿ ಕೊಟ್ಟು ಆ ಮೊಮ್ಮಗ ಇಂದು ಆ ವರದಿಯ ಪ್ರತಿಗೆ ಅರ್ಜಿ ಹಾಕಬಹುದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ‘ವೈಯಕ್ತಿಕ ಮಾಹಿತಿ’ಯ ಹೆಸರಿನಲ್ಲಿ ಅದರ 8(1)(ಜೆ) ಕಲಮನ್ನು ತಿದ್ದಿದೆ. ಕೊಡದಿರಲು ಸಬೂಬು ಹುಡುಕುವ ಅಧಿಕಾರಿಗೆ ಒಂದು ಪದ ಸಾಕಾಗುತ್ತದೆ. ಇದನ್ನು ನಾನು ಅನುಭವದಿಂದ ಬಲ್ಲೆ. ನನಗೆ ‘ಗೋಪ್ಯ’ ಎಂಬ ಪದ ಸಾಕಾಗಿತ್ತು.

ಮೊನ್ನೆ ರಾತ್ರಿ ದಿನಚರಿಯ ಹಾಳೆಯನ್ನು ಪತ್ನಿಯ ಮುಂದಿಟ್ಟೆ. ವಾಸಾ, ನೊಬೆಲ್, ದೋಣಿಯ ಪಯಣ ಎಲ್ಲವನ್ನೂ ಒಪ್ಪಿದವಳು ಐದನೆಯ ದಿನದ ಮುಂದೆ ‘ಕಚೇರಿ’ ಎಂದಿದ್ದನ್ನು ನೋಡಿ ತಲೆ ಎತ್ತಿದಳು.

‘ಅಲ್ಲಾರೀ, ಅಲ್ಲಿ ಕಾಗದ ಎಲ್ಲಾ ಸ್ವೀಡಿಷ್‌ನಲ್ಲಿ ಇರುತ್ತಲ್ಲ. ನಿಮಗೆ ಓದೋಕೆ ಬರಲ್ಲ. ಇಸ್ಕೊಂಡು ಏನು ಮಾಡ್ತೀರಿ?’

ಮೂವತ್ತೆಂಟು ವರ್ಷದ ಹಿಂದೆ ನಾನು ಕೇಳಿದ ಪ್ರಶ್ನೆಯೇ ಅದು. ಅವಳಿಗೆ ಆ ಕಥೆಯನ್ನು ನಾನು ಎಂದೂ ಹೇಳಿರಲಿಲ್ಲ. ಅಂದು ರಾತ್ರಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ದಿನಚರಿಯ ಹಾಳೆಯನ್ನು ನನ್ನ ಕೈಗೆ ಕೊಟ್ಟಳು. ಐದನೆಯ ದಿನವನ್ನು ಇದ್ದಂತೆಯೇ ಬಿಟ್ಟಿದ್ದಳು.